ಸಂತೆಯ ಮಾತು, ಹೊಲದ ಮಾತು: ಗಡಿಭಾಗದಲ್ಲಿ ಕ್ಷೇತ್ರಕಾರ್ಯ ಮಾಡುವುದು ಹೇಗೆ?

ಗಡಿನುಡಿ:
ಎಲ್ಲರಿಗೂ ನಮಸ್ಕಾರ. ಎಂ.ಎ. ಮಾನವಶಾಸ್ತ್ರದ ಕಿರುಪ್ರಬಂಧಕ್ಕೆ ಅಥಣಿ–ಕಾಗವಾಡ ಕಡೆಯ ವಾರದ ಸಂತೆಗಳನ್ನು ಆರಿಸಿಕೊಂಡಿದ್ದೇನೆ. ಕನ್ನಡ, ಮರಾಠಿ, ಉರ್ದು ಮೂರೂ ಓಡಾಡುವ ಜಾಗ. ಮೊದಲು ಕುಪ್ವಾರ್ ಅಧ್ಯಯನ ಓದು ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಅದರಲ್ಲಿ ನಿಜವಾಗಿ ಕಂಡುಬಂದದ್ದೇನು? "ವ್ಯಾಪಾರ ನಡೆಯುವಲ್ಲಿ ಭಾಷೆಗಳು ಬೆರೆಯುತ್ತವೆ" ಎಂದು ಅದನ್ನು ಹೇಳಿ ಮುಗಿಸಬಹುದೇ? ಎರಡನೆಯದು, "ಯಾರ ಜೊತೆ ಯಾವ ಭಾಷೆ ಮಾತಾಡ್ತೀರಿ" ಎಂಬ ಪ್ರಶ್ನಾವಳಿಯನ್ನು ನೂರು ಜನರಿಂದ ತುಂಬಿಸುವ ಯೋಚನೆಯಿದೆ. ಅಷ್ಟು ಸಾಕೇ?

ನುಡಿಗಟ್ಟು:
ಕುಪ್ವಾರ್ ಸಾಂಗ್ಲಿ ಜಿಲ್ಲೆಯ ಊರು. ಅಲ್ಲಿನ ಭಾಷೆಗಳ ಬಗ್ಗೆ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಬರೆದ ಲೇಖನ ಪ್ರಕಟವಾದದ್ದು 1971ರಲ್ಲಿ. ಅವರು ಹೇಳುವ ಊರಿನಲ್ಲಿ ಸುಮಾರು 3,000 ಜನ: ಕನ್ನಡ ಮನೆಮಾತಿನ ಜೈನರು, ಲಿಂಗಾಯತರು, ಉರ್ದು ಮನೆಮಾತಿನ ಮುಸ್ಲಿಮರು, ಮರಾಠಿ ಮನೆಮಾತಿನ ದಲಿತರು, ತೆಲುಗು ಮಾತಾಡುವ, ಹಗ್ಗ ಹೊಸೆಯುವ ಕೆಲವು ಮನೆಗಳು. ನೂರಾರು ವರ್ಷ ಒಟ್ಟಿಗೆ ದುಡಿದರೂ ಯಾವ ಗುಂಪೂ ಮನೆಮಾತು ಬಿಡಲಿಲ್ಲ. ಆದರೆ ಆ ಮನೆಮಾತುಗಳ ವ್ಯಾಕರಣ ಮಾತ್ರ ಒಂದರ ಹತ್ತಿರ ಒಂದು ಬಂದು ನಿಂತಿತು. ಅಲ್ಲಿನ ಪ್ರಸಿದ್ಧ ಉದಾಹರಣೆ ಇದು, ಅರ್ಥ "ಸ್ವಲ್ಪ ಸೊಪ್ಪು ಕೊಯ್ದು ತಂದೆ" (ಉಚ್ಚಾರಣೆಯನ್ನು ಸರಳಗೊಳಿಸಿ ಬರೆದಿದ್ದೇನೆ):

ಉರ್ದು: ಪಾಲಾ ಜರಾ ಕಾಟ್ ಕೇ ಲೇ ಕೇ ಆಯಾ
ಮರಾಠಿ: ಪಾಲಾ ಜರಾ ಕಾಪೂನ್ ಘೇವೂನ್ ಆಲೋ
ಕನ್ನಡ: ತಪ್ಲಾ ಜರಾ ಕೊಯ್ದು ತಗೊಂಡು ಬಂದೆ

ಮೂರರಲ್ಲೂ ಪದಗಳ ಸಾಲು ಒಂದೇ. ಒಂದರ ಪದ ತೆಗೆದು ಇನ್ನೊಂದರದು ಇಟ್ಟರೆ ವಾಕ್ಯ ಸಿದ್ಧ. ಕೊಡುಕೊಳೆ ಎರಡೂ ಕಡೆಯಿಂದ ನಡೆದಿದೆ. ಬರಹದ ಕನ್ನಡದಲ್ಲಿ "ಇದು ನಿಮ್ಮ ಮನೆ" ಎಂದರೆ ಮುಗಿಯಿತು, ಕ್ರಿಯಾಪದ ಬೇಡ. ಕುಪ್ವಾರ್ ಕನ್ನಡದಲ್ಲಿ "ಇದ್ ನಿಮ್ದ್ ಮನಿ ಐತಿ". ಮರಾಠಿ, ಉರ್ದು ವಾಕ್ಯದ ಅಚ್ಚು ಅದು. ಇತ್ತ ಕನ್ನಡದ ಲಿಂಗವ್ಯವಸ್ಥೆ ಉರ್ದುವಿಗೆ ಹೋಗಿದೆ. ಪ್ರಮಾಣ ಉರ್ದುವಿನಲ್ಲಿ ನದಿ ಸ್ತ್ರೀಲಿಂಗ, "ನದೀ ಆಯೀ" ಎನ್ನಬೇಕು. ಅಲ್ಲಿ "ನದಿ ಆಯಾ". ಹೆಣ್ಣಲ್ಲದ್ದಕ್ಕೆ ಸ್ತ್ರೀಲಿಂಗವೇಕೆ ಎಂಬ ಕನ್ನಡದ ತರ್ಕ ಅಲ್ಲಿ ಗೆದ್ದಿದೆ.

ಹಾಗಾಗಿ "ಬೆರೆಯುತ್ತವೆ" ಎಂದಷ್ಟೇ ಬರೆದರೆ ಅರ್ಧ ಹೇಳಿದಂತೆ. ಏನು ಬೆರೆಯಿತು, ಏನು ಬೆರೆಯಲಿಲ್ಲ ಎಂಬುದೇ ಆ ಅಧ್ಯಯನದ ತಿರುಳು. ದುಡಿಮೆಯಲ್ಲಿ ಎಲ್ಲರೂ ಒಟ್ಟಿಗಿದ್ದರು, ಅದರಿಂದ ವ್ಯಾಕರಣ ಹತ್ತಿರವಾಯಿತು. ಮದುವೆ, ಊಟ, ದೇವರ ಕೋಣೆ ಬೇರೆಬೇರೆಯಾಗಿದ್ದವು, ಅದರಿಂದ ಮನೆಮಾತಿನ ಪದಗಳು ಗುಂಪಿನ ಗುರುತಾಗಿ ಉಳಿದವು. ಗುಂಪುಗಳ ನಡುವಿನ ವ್ಯವಹಾರಕ್ಕೆ ಹೆಚ್ಚಾಗಿ ಮರಾಠಿ. ಜಮೀನಿದ್ದ ಜೈನರಿಗಾಗಲಿ ಮುಸ್ಲಿಮರಿಗಾಗಲಿ ಅದು ಮನೆಮಾತಲ್ಲ, ಆದ್ದರಿಂದ ಯಾರೂ ಯಾರ ಮನೆಯೊಳಗೂ ಕಾಲಿಟ್ಟಂತಾಗುತ್ತಿರಲಿಲ್ಲ.

ಇದರ ಜೊತೆಗೆ ಸೋನಲ್ ಕುಲಕರ್ಣಿ-ಜೋಶಿ 2016ರಲ್ಲಿ ಪ್ರಕಟಿಸಿದ ಮರುಅಧ್ಯಯನವನ್ನು ತಪ್ಪದೆ ಓದಿ. ಪದಕ್ಕೆ ಪದ ಹೊಂದುವ ಆ ಚಿತ್ರವನ್ನೇ ಅವರು ಪ್ರಶ್ನಿಸಿದ್ದಾರೆ. 1971ರ ಲೇಖನವನ್ನು ಮಾತ್ರ ಉಲ್ಲೇಖಿಸಿದ ಪ್ರಬಂಧ ಮೌಖಿಕ ಪರೀಕ್ಷೆಯಲ್ಲಿ ಅಲ್ಲೇ ಸಿಕ್ಕಿಬೀಳುತ್ತದೆ.

ರಾಶಿಕಣ:
ಮೇಲಿನದೆಲ್ಲ ಸರಿ. ಆದರೆ ನೀವು ಆರಿಸಿಕೊಂಡಿರುವುದು ಸಂತೆ; ಕುಪ್ವಾರ್‌ನ ಫಲಿತಾಂಶ ಬಂದದ್ದು ಊರೊಳಗಿನ ದುಡಿಮೆಯಿಂದ. ಕೊಡುಕೊಳೆ ಎಂದರೆ ಎಲ್ಲವೂ ಒಂದೇ ಅಲ್ಲ, ಕನಿಷ್ಠ ಮೂರನ್ನು ಬಿಡಿಸಿ ನೋಡಬೇಕು.

ಸಂತೆಯ ನಗದು ವ್ಯಾಪಾರ ಐದು ನಿಮಿಷದ್ದು. ಅದಕ್ಕೆ ಬೇಕಾದ ಭಾಷೆ ಸ್ವಲ್ಪವೇ: ಮಾಲಿನ ಹೆಸರು, ಅಂಕಿ, ಅಳತೆ, "ಹೆಚ್ಚಾಯ್ತು, ಇಳಿಸಿರಿ" ಎನ್ನುವಷ್ಟು ಚೌಕಾಶಿ. ಇಲ್ಲಿ ಪದಗಳು ದಾಟುತ್ತವೆ, ವಾಕ್ಯರಚನೆ ಅಷ್ಟು ಸುಲಭವಾಗಿ ದಾಟುವುದಿಲ್ಲ.

ಮುಯ್ಯಾಳು ಬೇರೆ. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಒಂದಾಳು, ನಾಳೆ ನಮ್ಮ ಹೊಲಕ್ಕೆ ನಿಮ್ಮಿಂದ ಒಂದಾಳು. ಕೂಲಿ ಇಲ್ಲ, ಲೆಕ್ಕ ನೆನಪಿನಲ್ಲಿ. ದಿನವಿಡೀ ಸಾಲು ಹಿಡಿದು ಕೆಲಸ ಮಾಡುವಾಗ ಆಜ್ಞೆ, ಹರಟೆ, ಜಗಳ, ಹಾಡು ಎಲ್ಲವೂ ನಡೆಯುತ್ತವೆ. ವ್ಯಾಕರಣ ಸವೆದು ಹೊಂದಿಕೊಳ್ಳುವುದು ಇಂಥ ಕಡೆ.

ಮೂರನೆಯದು ಆಯ (ಮರಾಠಿ ಕಡೆ ಬಲುತೆ). ಬಡಿಗೇರ, ಕಂಬಾರ, ಅಗಸ, ನಾವಿಗ ವರ್ಷವಿಡೀ ಕೆಲಸ ಮಾಡಿಕೊಟ್ಟು ರಾಶಿಯ ಹೊತ್ತಿಗೆ ಕಣದಲ್ಲಿ ಕಾಳು ಪಡೆಯುವ ಪದ್ಧತಿ. ದರ ಮೊದಲೇ ರೂಢಿಯಲ್ಲಿ ನಿಂತಿರುವುದರಿಂದ ಚೌಕಾಶಿಯ ಮಾತೇ ಇಲ್ಲ. ಅದರ ಬದಲು ಸಂಬೋಧನೆಯನ್ನು ಗಮನಿಸಬೇಕು: ಯಾರು ಯಾರಿಗೆ "ಕಾಕಾ" ಎನ್ನುತ್ತಾರೆ, ಯಾರಿಗೆ "ರೀ" ಹಚ್ಚುತ್ತಾರೆ, ವಯಸ್ಸಿನಲ್ಲಿ ಹಿರಿಯನಾದ ಕುಶಲಕರ್ಮಿಯನ್ನು ರೈತನ ಮಗ ಏಕವಚನದಲ್ಲಿ ಕರೆಯುತ್ತಾನೆಯೇ? ಜಾತಿಯ ಏಣಿ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಇದನ್ನು ಹಳ್ಳಿಯ ಸೌಹಾರ್ದ ಎಂದು ಬಣ್ಣಿಸಿ ಮುಂದೆ ಹೋಗಬೇಡಿ, ದಯವಿಟ್ಟು.

ಒಂದು ಭಾಷೆ ಇನ್ನೊಂದರಿಂದ ಏನನ್ನು ಯಾವಾಗ ಎರವಲು ಪಡೆಯುತ್ತದೆ ಎಂಬುದಕ್ಕೆ ಭಾಷಾವಿಜ್ಞಾನಿಗಳಾದ ಸಾರಾ ಥಾಮಸನ್ ಮತ್ತು ಟೆರೆನ್ಸ್ ಕಾಫ್‌ಮನ್ 1988ರಲ್ಲಿ ಕೊಟ್ಟ ಮೆಟ್ಟಿಲುಗಳು ನಿಮಗೆ ನೆರವಾಗುತ್ತವೆ: ಸಂಪರ್ಕ ತೆಳುವಾಗಿದ್ದರೆ ಮೊದಲು ಪದಗಳು, ಗಾಢವಾದ ಮೇಲೆ ರಚನೆ. ಕುಪ್ವಾರ್‌ನಲ್ಲಿ ರಚನೆ ಬೆರೆತು ಪದಗಳು ಬೇರೆಯಾಗಿಯೇ ನಿಂತವು. ಹಾಗೇಕೆ ಎಂದು ಕೇಳಿದರೆ ಭಾಷೆಯಿಂದ ನೇರ ಜಾತಿ, ಜಮೀನಿನ ಪ್ರಶ್ನೆಗೆ ಬರುತ್ತೀರಿ.

ತಕ್ಕಡಿ:
ಪ್ರಶ್ನಾವಳಿಯ ಬಗ್ಗೆ. ನೂರು ಹಾಳೆ ತುಂಬಿಸಿದರೂ ಸಿಗುವುದು ಜನ ತಮ್ಮ ಬಗ್ಗೆ ಹೇಳಿಕೊಳ್ಳಲು ಬಯಸುವ ಉತ್ತರ. ಗಡಿವಿವಾದವಿರುವ ಕಡೆ "ನಿಮ್ಮ ಭಾಷೆ ಯಾವುದು" ಎಂಬುದು ರಾಜಕೀಯ ಪ್ರಶ್ನೆ. ಜನಗಣತಿಯೂ ಒಂದು ಮಾತೃಭಾಷೆ, ಗೊತ್ತಿರುವ ಇನ್ನೆರಡು ಭಾಷೆ, ಇಷ್ಟನ್ನೇ ಬರೆದುಕೊಳ್ಳುತ್ತದೆ. ಯಾವುದನ್ನು ಯಾವಾಗ ಬಳಸುತ್ತಾರೆ ಎಂಬುದು ಅಲ್ಲಿಲ್ಲ.

ಬದಲಿಗೆ ಒಂದು ವ್ಯವಹಾರವನ್ನು ಒಂದು ಘಟಕವಾಗಿ ಹಿಡಿಯಿರಿ. ನೋಟ್‌ಬುಕ್ಕಿನಲ್ಲಿ ಒಂದು ವ್ಯವಹಾರಕ್ಕೆ ಒಂದು ಅಡ್ಡಸಾಲು. ಕಂಬಸಾಲುಗಳು: ಕರೆದದ್ದು, ಮಾಲು ವಿಚಾರಿಸಿದ್ದು, ದರ ಹೇಳಿದ್ದು, ಚೌಕಾಶಿ, ಎಣಿಕೆ, ಹಣ ಅಥವಾ ಉದ್ರಿ, ಬೀಳ್ಕೊಟ್ಟದ್ದು. ಪ್ರತಿಯೊಂದರಲ್ಲಿ ಭಾಷೆಗೆ ಒಂದೇ ಅಕ್ಷರ (ಕ, ಮ, ಉ). ಭಾಷೆ ಬದಲಾದಲ್ಲಿ ಮೊದಲು ಬದಲಿಸಿದವರು ಮಾರುವವರೋ ಕೊಳ್ಳುವವರೋ ಎಂದು ಗುರುತು ಹಾಕಿ. ಖಾಯಂ ಗಿರಾಕಿಯೋ ಹೊಸಬರೋ ಎಂಬುದೂ ಬೇಕು. ಅದಿಲ್ಲದೆ ಉಳಿದ ಕಂಬಸಾಲುಗಳಿಗೆ ಅರ್ಥವಿಲ್ಲ. ಎಣಿಕೆಯನ್ನು ಬೇರೆಯಾಗಿ ನೋಡಲು ಕಾರಣವಿದೆ: ಚೌಕಾಶಿಯನ್ನು ಗಿರಾಕಿಯ ಭಾಷೆಯಲ್ಲಿ ಮಾಡುವವರೂ ದುಡ್ಡನ್ನು ತಮ್ಮ ಭಾಷೆಯಲ್ಲೇ ಎಣಿಸಿಕೊಳ್ಳುವುದುಂಟು.

ಒಂದು ಅಂಗಡಿಯ ಬಳಿ ಅರ್ಧ ಗಂಟೆ ಸಾಕು, ಆದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಬೇಕು. ಬೆಳಗಿನ ಸಗಟು ವ್ಯಾಪಾರಿಗಳಿಗೂ ಸಂಜೆ ಉಳಿದ ಮಾಲು ಒಯ್ಯುವವರಿಗೂ ನಡೆಯುವ ಮಾತೇ ಬೇರೆ.

ರೆಕಾರ್ಡರ್‌ಗೆ ಮೊದಲು ಒಪ್ಪಿಗೆ ಪಡೆಯಿರಿ. ಅದು ಎದುರಿಗಿದ್ದ ಕೂಡಲೇ ಜನ ಪುಸ್ತಕದ ಭಾಷೆಗೆ ಹೊರಳುತ್ತಾರೆ, ಆದ್ದರಿಂದ ಮೊದಲ ಕೆಲವು ನಿಮಿಷವನ್ನು ವಿಶ್ಲೇಷಣೆಗೆ ತೆಗೆದುಕೊಳ್ಳಬೇಡಿ. ಅಳತೆಯ ವಿಷಯದಲ್ಲಿ, 4 ಪಾವಿಗೆ 1 ಸೇರು ಎಂಬುದು ರೂಢಿ. ಆದರೆ ಸೇರಿನ ಗಾತ್ರ ಊರಿಂದ ಊರಿಗೆ ಬೇರೆ. "ಎರಡು ಸೇರು" ಎಂದು ಬರೆದು ಬಿಡದೆ ಆ ಸೇರಿನಲ್ಲಿ ತುಂಬಿದ ಜೋಳವನ್ನು ತೂಗಿಸಿ ಕಿಲೋ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಿರಿ.

ಗಡಿನುಡಿ:
ತುಂಬಾ ಉಪಕಾರವಾಯಿತು. ಹಾಗಾದರೆ ಸಂತೆಯ ಜೊತೆ ಒಂದು ಊರಿನ ಹೊಲದ ಕೆಲಸವನ್ನೂ ಸೇರಿಸಿಕೊಂಡು ಎರಡನ್ನೂ ಹೋಲಿಸುತ್ತೇನೆ. ದನದ ಸಂತೆಗೂ ಇದೇ ನಮೂನೆ ನಡೆಯುತ್ತದೆಯೇ?

ತಕ್ಕಡಿ:
ನಡೆಯುವುದಿಲ್ಲ. ಅಲ್ಲಿ ದಲ್ಲಾಳಿ ಟವೆಲ್ ಮುಚ್ಚಿ, ಅದರೊಳಗೆ ಎದುರಿನವರ ಬೆರಳು ಹಿಡಿದು ದರ ತಿಳಿಸುತ್ತಾರೆ. ಹಿಡಿದ ಬೆರಳುಗಳ ಸಂಖ್ಯೆಯೇ ಅಂಕಿ. ಅದು ನೂರೋ ಸಾವಿರವೋ ಎಂಬುದು ದನ ನೋಡಿದವರಿಗೆ ಗೊತ್ತಿರುತ್ತದೆ. ಸುತ್ತ ನಿಂತವರಿಗೆ ದರ ತಿಳಿಯದಿರುವುದರಿಂದ ಒಂದೇ ಎತ್ತಿಗೆ ಹಲವರ ಜೊತೆ ಬೇರೆಬೇರೆ ದರ ಮಾತಾಡಬಹುದು. ಬಾಯಲ್ಲಿ ಕೇಳುವ ಜೋರು ಮಾತು ಹಲ್ಲು, ಸುಳಿ, ನಡಿಗೆಯ ಬಗ್ಗೆ. ದರದ ಬಗ್ಗೆ ಅಲ್ಲ. ರೆಕಾರ್ಡಿಂಗ್ ಮಾತ್ರ ನೆಚ್ಚಿಕೊಂಡರೆ ವ್ಯವಹಾರದ ಮುಖ್ಯ ಭಾಗವೇ ತಪ್ಪಿಹೋಗುತ್ತದೆ. ವ್ಯಾಪಾರ ಕುದುರಿದ ಮೇಲೆ ದಲ್ಲಾಳಿಯನ್ನೂ ಕೊಂಡವರನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರೂ ಹೇಳಿದ ದರವನ್ನು ಎರಡು ಕಂಬಸಾಲಿನಲ್ಲಿ ಬರೆದುಕೊಳ್ಳಿ. ಆರರಿಂದ ಮೇಲಿನ ಅಂಕಿಗಳ ಸನ್ನೆ ಜಾತ್ರೆಯಿಂದ ಜಾತ್ರೆಗೆ ಬದಲಾಗಬಹುದು, ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹಾಗೇ ಅನ್ವಯಿಸಬೇಡಿ.