ಬಂದರು ಹಬ್ಬದಲ್ಲಿ ಮಕ್ಕಳಿಗೆ ನಿಜವಾಗಿ ಏನು ತೋರಿಸಬೇಕು?

ದಕ್ಕೆಯ ತುದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಬಂದರು. ವರ್ಷಕ್ಕೊಮ್ಮೆ ಎರಡು ದಿನ ಕಡಲ ಪರಂಪರೆಯ ಹಬ್ಬ ಮಾಡುತ್ತೇವೆ. ಹಳೇ ಹಾಯಿದೋಣಿಗಳು ಬಂದು ನಿಲ್ಲುತ್ತವೆ, ಮನೆಮಂದಿಯೆಲ್ಲಾ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಈ ಸಲ ಮಕ್ಕಳ ಮೂಲೆಯ ಜವಾಬ್ದಾರಿ ನನಗೆ ಬಂದಿದೆ. ಒಂದು ದೊಡ್ಡ ಶಾಮಿಯಾನ, ಎಂಟು ಜನ ಸ್ವಯಂಸೇವಕರು. ಬರುವ ಮಕ್ಕಳು 4ರಿಂದ 12 ವರ್ಷದವರು.

ಹೋದ ವರ್ಷ ಗಾಳಿ ತುಂಬಿದ ಜಾರುಬಂಡೆ ಇತ್ತು, ಮುಖಕ್ಕೆ ಬಣ್ಣ ಹಚ್ಚುವವರಿದ್ದರು, ಬಲೂನಿತ್ತು. ಮಕ್ಕಳಿಗೆ ಖುಷಿಯೂ ಆಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಬ್ಬ ಹುಡುಗ. ಏಳೆಂಟು ವರ್ಷ ಇರಬಹುದು. ಜಾರುಬಂಡೆ ಬಿಟ್ಟು ಒಂದು ದೋಣಿಯ ಹತ್ತಿರ ಹೋಗಿ ನಿಂತಿದ್ದ. ಅಲ್ಲಿ ಹಿರಿಯರೊಬ್ಬರು ತುಂಡಾದ ಹಗ್ಗದ ಎಳೆ ಬಿಡಿಸಿ ಇನ್ನೊಂದು ಹಗ್ಗದೊಳಗೆ ಹೆಣೆಯುತ್ತಿದ್ದರು. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಅವರು ಅವರ ಪಾಡಿಗೆ ದೋಣಿಯ ಕೆಲಸ ಮಾಡಿಕೊಳ್ಳುತ್ತಿದ್ದರು. ಹುಡುಗ ಅರ್ಧ ಗಂಟೆ ಅಲ್ಲಾಡಲಿಲ್ಲ. ಅಮ್ಮ ಕರೆದರೆ, 'ಇನ್ನೊಂದು ಎಳೆ ಉಳಿದಿದೆ, ತಾಳಮ್ಮ' ಅಂದ.

ನನಗೆ ಅಂಥದ್ದು ಬೇಕು. ಆದರೆ ಶಾಮಿಯಾನದೊಳಗೆ, ಒಂದೇ ಸಲ ಮೂವತ್ತು ಮಕ್ಕಳು ಬಂದಾಗ, ಅದನ್ನು ಹೇಗೆ ಮಾಡೋದು? ಫಲಕ ಬರೆದು ತೂಗುಹಾಕಿದರೆ ಮಕ್ಕಳು ಓದಲ್ಲ. ಹಡಗಿನಲ್ಲಿ, ದೋಣಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ.

---

ಹಳೇ ಬೋಸನ್ ಉತ್ತರ:

ನಾನು ಹಡಗಿನ ಡೆಕ್ಕಿನಲ್ಲಿ 26 ವರ್ಷ ದುಡಿದವನು, ಕೊನೆಯ ಒಂಬತ್ತು ವರ್ಷ ಬೋಸನ್ ಆಗಿ, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿಯಾಗಿ. ಈಗ ಇಂಥ ಹಬ್ಬಗಳಲ್ಲಿ ಹಗ್ಗದ ಮೇಜು ನೋಡಿಕೊಳ್ಳುತ್ತೇನೆ. ಆ ಹುಡುಗನ ಕಥೆ ಓದಿ ನಿಜಕ್ಕೂ ಸಂತೋಷವಾಯಿತು. ಅವನು ಅಷ್ಟು ಹೊತ್ತು ನಿಂತು ನೋಡಿದ ಮೇಲೆ ಯಾರಾದರೂ ಅವನ ಕೈಗೊಂದು ತುಂಡು ಹಗ್ಗ ಕೊಡಬೇಕಿತ್ತು. ಈ ವರ್ಷ ನೀವು ಅದನ್ನು ಕೊಡಿ. ಹತ್ತು ಬಗೆಯ ಆಟ ಬೇಡ. ಮೂರು ಕೆಲಸ ಸಾಕು, ಮೂರೂ ಕೈಯಿಂದ ಮಾಡುವಂಥವು.

ಮೊದಲನೆಯದು ಹಗ್ಗ. ತೆಳ್ಳಗಿನ ದಾರ ತರಬೇಡಿ. ಮಕ್ಕಳ ಹೆಬ್ಬೆರಳಿನಷ್ಟು ದಪ್ಪ, ಮೆತ್ತಗಿನ ಹತ್ತಿ ಹಗ್ಗ ತನ್ನಿ. ಒಬ್ಬೊಬ್ಬರಿಗೆ ಎರಡು ಮೀಟರ್. ಕಲಿಸುವುದು ಒಂದೇ ಗಂಟು, ಬೋಲೈನ್. ಎಷ್ಟು ಎಳೆದರೂ ಆ ಕುಣಿಕೆ ಜಾರಿ ಚಿಕ್ಕದಾಗಲ್ಲ. ಭಾರ ತೆಗೆದ ಮೇಲೆ ಬೆರಳಲ್ಲೇ ಬಿಚ್ಚಿಕೊಳ್ಳುತ್ತದೆ. ನಾನು ಹೇಳಿಕೊಡುವುದು ಹೀಗೆ. ಹಗ್ಗದಲ್ಲಿ ಒಂದು ಸಣ್ಣ ಸುರುಳಿ ಮಾಡು, ಅದು ಹುತ್ತ. ಅದರಿಂದಾಚೆ ಹೋಗುವ ಉದ್ದ ಹಗ್ಗ ಮರ. ನಿನ್ನ ಕೈಯಲ್ಲಿರುವ ತುದಿ ಹಾವು. ಹಾವು ಅಡಿಯಿಂದ ಹುತ್ತದೊಳಗೆ ನುಗ್ಗಿ ಮೇಲೆ ಬಂತು, ಮರದ ಹಿಂದಿನಿಂದ ಒಂದು ಸುತ್ತು ಹಾಕಿತು, ಮತ್ತೆ ಅದೇ ಹುತ್ತಕ್ಕೆ ಇಳಿಯಿತು. ಈಗ ಮರವನ್ನು ಎಳೆ. ನೆನಪಿಡಬೇಕಾದ್ದು ಒಂದೇ: ಸುರುಳಿ ಮಾಡುವಾಗ ಮರದ ಕಡೆಯ ಹಗ್ಗ ಅಡಿಗಿರಬೇಕು. ಮೇಲೆ ಬಂದರೆ ಹಾವು ಇಳಿಯುವಷ್ಟರಲ್ಲಿ ಎಲ್ಲ ಬಿಚ್ಚಿಹೋಗುತ್ತದೆ.

ಐದನೇ ಸಲಕ್ಕೆ ಬರುತ್ತದೆ. ಬಂದ ಮೇಲೆ ಕಣ್ಣು ಮುಚ್ಚಿ ಹಾಕಲು ಹೇಳಿ. ನನಗೆ ಕಲಿಸಿದ ಬೋಸನ್ ಹಗ್ಗವನ್ನು ಬಕೆಟ್ಟಿನಲ್ಲಿ ಅದ್ದಿ, ನನ್ನ ಬೆನ್ನ ಹಿಂದೆ ಕೊಟ್ಟು ಹಾಕಿಸುತ್ತಿದ್ದರು. ರಾತ್ರಿ, ಮಳೆಯಲ್ಲಿ, ಡೆಕ್ಕು ಓಲಾಡುವಾಗ ಕಣ್ಣಿಗೆ ಏನೂ ಕಾಣಲ್ಲ, ಬೆರಳಿಗೆ ಗೊತ್ತಿರಬೇಕು ಅಂತಿದ್ದರು. ಮಕ್ಕಳಿಗೆ ಈ ಮಾತು ತಕ್ಷಣ ಹಿಡಿಸುತ್ತದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಕಣ್ಣು ಬಿಗಿಯಾಗಿ ಮುಚ್ಚಿ, ನಾಲಿಗೆ ತುದಿ ಹಲ್ಲಲ್ಲಿ ಕಚ್ಚಿಕೊಂಡು, ಆ ಸುರುಳಿಯನ್ನು ಹೆಬ್ಬೆರಳಿಂದ ಹುಡುಕುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ನಾಲ್ಕೈದು ವರ್ಷದವರಿಗೆ ಗಂಟು ಬೇಡ. ಅವರಿಗೆ ಹಗ್ಗ ಸುರುಳಿ ಸುತ್ತುವ ಕೆಲಸ ಕೊಡಿ. ಸಾಮಾನ್ಯವಾಗಿ ಸಿಗುವ ಮೂರೆಳೆ ಹಗ್ಗವನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ಅದು ಮುರುಟಿಕೊಂಡು ಎಂಟರ ಆಕಾರಕ್ಕೆ ಬರುತ್ತದೆ. ಎರಡೂ ಮಾಡಿಸಿ, ಹಗ್ಗವೇ ಹೇಳಿಕೊಡುತ್ತದೆ.

ಎರಡನೆಯದು ಆಳ ನೋಡುವುದು. ನಮ್ಮಲ್ಲಿ ಮಾರು ಅನ್ನುತ್ತೇವಲ್ಲ, ಎರಡೂ ಕೈ ಚಾಚಿದಷ್ಟು ಉದ್ದ? ಹಡಗಿನವರು ಆಳ ಹೇಳುವ ಫ್ಯಾದಮ್ ಕೂಡ ಅದೇ ಅಳತೆಯಿಂದ ಬಂದದ್ದು, ಆರು ಅಡಿ. ನಾವಿಕ ನೀರಿನಿಂದ ಹಗ್ಗ ಮೇಲೆಳೆಯುವಾಗ ಕೈ ಚಾಚಿ ಚಾಚಿ ಎಣಿಸುತ್ತಿದ್ದ. ಮಕ್ಕಳಿಗೆ ಮೊದಲು ತಮ್ಮ ಮಾರು ಅಳೆಯಲು ಹೇಳಿ.

ಹಳೇ ಕಾಲದ ಆಳದ ಹಗ್ಗದಲ್ಲಿ ಗುರುತುಗಳಿದ್ದವು. ಎರಡು ಮಾರಿಗೆ ಎರಡು ಸೀಳು ಚರ್ಮ, ಮೂರಕ್ಕೆ ಮೂರು ಸೀಳು, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ, ಹತ್ತಕ್ಕೆ ತೂತಿರುವ ಚರ್ಮ. ಬಟ್ಟೆಗಳೂ ಬೇರೆ ಬೇರೆ ನೇಯ್ಗೆಯವು, ಕತ್ತಲಲ್ಲಿ ಮುಟ್ಟಿದರೆ ಗೊತ್ತಾಗಲಿ ಅಂತ. ತುದಿಯಲ್ಲಿ ಸೀಸದ ಗುಂಡು, ಅದರ ತಳದಲ್ಲೊಂದು ಕುಳಿ, ಕುಳಿಯೊಳಗೆ ಕೊಬ್ಬು. ಗುಂಡು ತಳ ಮುಟ್ಟಿದಾಗ ಅಲ್ಲಿನ ಮರಳೋ ಚಿಪ್ಪೋ ಕೊಬ್ಬಿಗೆ ಅಂಟಿ ಮೇಲೆ ಬರುತ್ತಿತ್ತು. ಮಂಜಿನಲ್ಲಿ ದಡ ಕಾಣದಿದ್ದರೂ ತಾನು ಎಲ್ಲಿದ್ದೇನೆ ಅಂತ ನಾವಿಕ ಇದರಿಂದ ಅಂದಾಜು ಮಾಡುತ್ತಿದ್ದ.

ನೀವು ಮೂರು ಡ್ರಮ್ಮಿಗೆ ಕಲಕಿದ ನೀರು ತುಂಬಿ. ತಳದಲ್ಲಿ ಒಂದಕ್ಕೆ ಮರಳು, ಒಂದಕ್ಕೆ ಚಿಪ್ಪಿನ ಚೂರು, ಒಂದಕ್ಕೆ ಕೆಸರು. ಸೀಸ ಮಾತ್ರ ಮಕ್ಕಳ ಕೈಗೆ ಬೇಡವೇ ಬೇಡ, ಅದು ವಿಷ. ಕಬ್ಬಿಣದ ತೂಕದ ಬಟ್ಟು ಸಾಕು. ಕೊಬ್ಬಿನ ಬದಲು ಮೆತ್ತಗಿನ ಮೇಣ ಮೆತ್ತಿ. ಇಳಿಸಿ, ಎತ್ತಿ, ತಳದಲ್ಲೇನಿದೆ ಅಂತ ಮಗುವೇ ಹೇಳಬೇಕು.

ಮೂರನೆಯದು ವೇಗ. ಹಡಗಿನ ವೇಗಕ್ಕೆ 'ನಾಟ್' ಅಂತಾರಲ್ಲ, ಅದು ನಿಜವಾಗಿಯೂ ಹಗ್ಗದ ಗಂಟು. ಹಲಗೆ ತುಂಡೊಂದನ್ನು ಹಗ್ಗಕ್ಕೆ ಕಟ್ಟಿ ಹಿಂದಕ್ಕೆ ನೀರಿಗೆ ಎಸೆಯುತ್ತಿದ್ದರು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿತೋ ಅದೇ ವೇಗ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ದಕ್ಕೆಯಿಂದ ದೂರ, ಬಯಲಿನಲ್ಲಿ ಆಡಿಸಿ. 14 ಮೀಟರ್ 40 ಸೆಂಟಿಮೀಟರಿಗೊಂದು ಗಂಟು ಹಾಕಿದ ಹಗ್ಗ ಹಿಡಿದು ಒಬ್ಬ ನಡೆಯಲಿ, ಇನ್ನೊಬ್ಬ ಗಂಟು ಎಣಿಸಲಿ, ಮತ್ತೊಬ್ಬ ಗಡಿಯಾರ ನೋಡಲಿ. ಮಕ್ಕಳು ನಡೆಯುವ ವೇಗ ಎರಡು ನಾಟ್‌ಗಿಂತ ಸ್ವಲ್ಪ ಜಾಸ್ತಿ. ಆಮೇಲೆ ಓಡಲು ಶುರು ಮಾಡುತ್ತಾರೆ, ತಡೆಯಬೇಡಿ.

---

ಇಬ್ಬರ ಅಮ್ಮ ಉತ್ತರ:

ಬೋಸನ್ ಸರ್ ಹೇಳಿದ್ದು ಓದಿ ನನಗೇ ಬರಬೇಕು ಅನ್ನಿಸಿತು. ನಾನು ಬೇರೆ ವಿಷಯ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಹಬ್ಬಕ್ಕೆ ಹೋಗಿದ್ದೆವು. ಒಂದು ದೋಣಿ ಮುನ್ಸೂಚನೆ ಇಲ್ಲದೆ ಹಾರ್ನ್ ಊದಿಬಿಟ್ಟಿತು. ನಾವು ಅದರ ಪಕ್ಕದಲ್ಲೇ ಇದ್ದೆವು. ನನ್ನ ಚಿಕ್ಕ ಮಗನಿಗೆ ಆಗ ನಾಲ್ಕು ವರ್ಷ. ಎಷ್ಟು ಹೆದರಿದ ಅಂದರೆ ನನ್ನ ಕುತ್ತಿಗೆ ಬಿಡಲೇ ಇಲ್ಲ. ಹತ್ತು ನಿಮಿಷದಲ್ಲಿ ವಾಪಸ್ ಹೊರಟೆವು. ಆಮೇಲೆ ತುಂಬಾ ದಿನ ದೋಣಿ ಅಂದರೆ ಬೇಡ ಅಂತಿದ್ದ. ಹಾರ್ನು, ತೋಪು ಯಾವ ಹೊತ್ತಿಗೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ, ಐದು ನಿಮಿಷ ಮುಂಚೆ ಮೈಕಿನಲ್ಲಿ ಹೇಳಿಸಿ. ಬೆಳಿಗ್ಗೆ ಮೊದಲ ಒಂದು ಗಂಟೆ ಯಾವ ದೊಡ್ಡ ಶಬ್ದವೂ ಇಲ್ಲದಂತೆ ಇಟ್ಟರೆ ಇನ್ನೂ ಒಳ್ಳೆಯದು. ಗದ್ದಲ ತಡೆಯಲಾಗದ ಮಕ್ಕಳ ಅಪ್ಪ ಅಮ್ಮ ಆ ಹೊತ್ತಿಗೇ ಬರುತ್ತಾರೆ.

ಮಕ್ಕಳನ್ನು ದೋಣಿಗೆ ಹತ್ತಿಸುವುದಾದರೆ ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ಸರಿಯಾಗಿರಬೇಕು. ಬಕಲ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿವರೆಗೆ ಬಂತು ಅಂದರೆ ದೊಡ್ಡದಾಯಿತು. ಪುಟ್ಟ ಮಕ್ಕಳಿಗೆ ಕಾಲ ಸಂದಿಯಲ್ಲಿ ಹಾಕುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಲ್ಲಿ ಜಾಕೆಟ್ ಮೇಲೆ ಹೋಗಿ ಮಗು ಕೆಳಗೆ ಜಾರುತ್ತದೆ.

ಇನ್ನೊಂದು. ಶಾಮಿಯಾನ ದಕ್ಕೆಯ ತುದಿಯಲ್ಲಿ ಬೇಡ ಅಕ್ಕ. ಒಳಗೆ ತನ್ನಿ. ಇಬ್ಬರು ಮಕ್ಕಳನ್ನು ಕೈಯಲ್ಲಿ ಹಿಡಿದು ನೀರಿನ ಅಂಚಿನಲ್ಲಿ ನಡೆಯುವಾಗ ನಾನು ಹಬ್ಬ ನೋಡಲ್ಲ, ಅಂಚನ್ನೇ ನೋಡುತ್ತಿರುತ್ತೇನೆ.

---

ಉಳಿ ಸುತ್ತಿಗೆ ಉತ್ತರ:

ಮರದ ದೋಣಿ ರಿಪೇರಿ ನನ್ನ ಕಸುಬು. ನಿಮ್ಮಲ್ಲಿ ಹಳೇ ದೋಣಿಯ ಎರಡು ಹಲಗೆ ಸಿಕ್ಕರೆ ಸಾಕು. ಪಕ್ಕಪಕ್ಕ ಜೋಡಿಸಿ ನಿಲ್ಲಿಸಿ, ನಡುವೆ ಸಂದು ಬಿಡಿ. ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು, ಮೊಂಡು ಉಳಿ ಇಟ್ಟು, ಮರದ ಸುತ್ತಿಗೆಯಲ್ಲಿ ಮಕ್ಕಳೇ ಸಂದಿಗೆ ಹೊಡೆದು ತುಂಬಿಸಲಿ. ನೀರು ಸೋರದಂತೆ ನಾವು ದೋಣಿಯ ಸಂದು ಮುಚ್ಚುವುದು ಹೀಗೇ. ತುಂಬುತ್ತಾ ಬಂದ ಹಾಗೆ ಏಟಿನ ಸದ್ದು ಬದಲಾಗುತ್ತದೆ. ಮೊದಲು ದಬ್ ದಬ್, ಆಮೇಲೆ ಟಣ್. ನಾವು ಕೆಲಸ ಸರಿಯಾಯಿತೋ ಇಲ್ಲವೋ ಅಂತ ತಿಳಿಯುವುದು ಕಿವಿಯಿಂದಲೇ.

ಜೊತೆಗೆ ಒಂದು ಒಣ ಹಲಗೆ, ಅದೇ ಅಳತೆಯ ಇನ್ನೊಂದು ಎರಡು ದಿನ ನೀರಲ್ಲಿ ನೆನೆಸಿದ್ದು, ಎರಡನ್ನೂ ಇಡಿ. ಅಗಲ ಅಳೆದು ನೋಡಲಿ. ಮರ ನೀರು ಕುಡಿದು ಉಬ್ಬುತ್ತದೆ, ಸಂದು ಮುಚ್ಚುತ್ತದೆ. ಬಿಸಿಲಲ್ಲಿ ಜಾಸ್ತಿ ದಿನ ಬಿಟ್ಟ ದೋಣಿ ನೀರಿಗಿಳಿದ ತಕ್ಷಣ ಸೋರುವುದು ಇದಕ್ಕೇ.

2021ರಲ್ಲಿ ಯುನೆಸ್ಕೋ ಡೆನ್ಮಾರ್ಕ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್, ನಾರ್ವೆ, ಸ್ವೀಡನ್ ದೇಶಗಳ ದೋಣಿ ಕಟ್ಟುವ ಕಸುಬನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದು ಹಲಗೆ ಕೂರಿಸಿ ಕಟ್ಟುತ್ತಾರೆ. ಆ ಸುದ್ದಿ ಓದಿದ ದಿನ ನಾನು ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಂಥವರ ಕೈ ಕೆಲಸಕ್ಕೆ ಆ ಮರ್ಯಾದೆ ಸಿಕ್ಕಿತಲ್ಲ ಅಂತ.

---

ದಕ್ಕೆಯ ತುದಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ಶಾಮಿಯಾನ ಒಳಗೆ ತರುವ ಬಗ್ಗೆ ಇವತ್ತೇ ಮಾತಾಡಿದೆ, ಒಪ್ಪಿದ್ದಾರೆ. ಬೋಸನ್ ಸರ್, ಇನ್ನೆರಡು ಪ್ರಶ್ನೆ. ಕಡಲ್ಗಳ್ಳರ ವೇಷ ಬೇಕು ಅಂತ ನಮ್ಮ ತಂಡದವರ ಒತ್ತಾಯ. ಮತ್ತೆ 11, 12 ವರ್ಷದವರಿಗೆ ಹಗ್ಗ ಬೇಗ ಬೇಜಾರಾಗಲ್ವಾ?

---

ಹಳೇ ಬೋಸನ್:

ವೇಷ ಇರಲಿ, ಮಕ್ಕಳು ಖುಷಿಪಡುತ್ತಾರೆ. ಕತ್ತಿ ಮಾತ್ರ ಕೊಡಬೇಡಿ. ಕತ್ತಿ ಹಿಡಿದ ಕೈಗೆ ಹಗ್ಗ ಹಿಡಿಯಲು ಬಿಡುವಿರಲ್ಲ.

ದೊಡ್ಡ ಮಕ್ಕಳಿಗೆ ವಾಸಾ ಹಡಗಿನ ಕಥೆ ಹೇಳಿ. ಸ್ವೀಡನ್ನಿನ ರಾಜನ ಯುದ್ಧನೌಕೆ. 1628ರಲ್ಲಿ ಮೊದಲ ಪಯಣಕ್ಕೆ ಹೊರಟು ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ, ಬಂದರಿನೊಳಗೇ ಮಗುಚಿತು. ಮೇಲೆ ಭಾರ ಜಾಸ್ತಿ, ತಳದಲ್ಲಿ ಕಡಿಮೆ. ಹೊರಡುವ ಮುಂಚೆ ಪರೀಕ್ಷೆಗೆ ಅಂತ 30 ನಾವಿಕರನ್ನು ಡೆಕ್ಕಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಹೊಯ್ದಾಡಿದ್ದು ನೋಡಿ ಹೆದರಿ ನಿಲ್ಲಿಸಿದರು. ಆದರೂ ಹೊರಟರು. 1961ರಲ್ಲಿ ಮೇಲೆತ್ತಿದ ಆ ಹಡಗು ಈಗ ಸ್ಟಾಕ್‌ಹೋಮಿನ ಮ್ಯೂಸಿಯಂನಲ್ಲಿದೆ.

ಕಥೆ ಆದ ಮೇಲೆ ಒಂದು ಟಬ್ಬಿನಲ್ಲಿ ಎರಡಂತಸ್ತಿನ ಆಟಿಕೆ ದೋಣಿ ಬಿಟ್ಟು, ಒಂದು ಹಿಡಿ ಕಲ್ಲು ಕೊಡಿ. ಎಲ್ಲಾ ಕಲ್ಲೂ ದೋಣಿಯಲ್ಲಿರಬೇಕು, ದೋಣಿ ಮಗುಚಬಾರದು. ಅವರೇ ತಳದ ಕಡೆ ಇಡಲು ಕಲಿಯುತ್ತಾರೆ. ಆಮೇಲೆ ಆ ಮಕ್ಕಳನ್ನೇ ಚಿಕ್ಕವರಿಗೆ ಹಾವು ಹುತ್ತ ಹೇಳಿಕೊಡಲು ಕೂರಿಸಿ. ಬೇಜಾರು ಅನ್ನುವ ಮಾತೇ ಬರಲ್ಲ.

ಹಗ್ಗ ಕತ್ತರಿಸಿದ ಮೇಲೆ ತುದಿಗಳಿಗೆ ಗಟ್ಟಿ ನೂಲು ಸುತ್ತಿ ಕಟ್ಟುವುದು ಮರೆಯಬೇಡಿ, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಎಳೆ ಬಿಚ್ಚುತ್ತದೆ. ಅರವತ್ತು ತುಂಡಾದರೂ ಬೇಕಾಗುತ್ತದೆ, ಇಬ್ಬರು ಕೂತರೆ ಒಂದು ಸಂಜೆಯ ಕೆಲಸ. ಕಲಿತ ಮಗು ತನ್ನ ತುಂಡನ್ನು ಮನೆಗೆ ತೆಗೆದುಕೊಂಡು ಹೋಗಲಿ. ಆ ಹುಡುಗ ಈ ವರ್ಷ ಬಂದರೆ ಅವನಿಗೆ ಎರಡು ಕೊಡಿ, ಎಳೆ ಹೆಣೆದು ಜೋಡಿಸುವುದನ್ನು ಅವನು ಆಗಲೇ ನೋಡಿದ್ದಾನೆ.