ಹಳೇ ಲ್ಯಾಪ್‌ಟಾಪ್ ಕಾದ ಕಾವಲಿ ಆಗಿದೆ, ಏನು ಮಾಡಲಿ?

ಪ್ರಶ್ನೆ: ನನ್ನದು ಏಳು ವರ್ಷ ಹಳೇ ಲ್ಯಾಪ್‌ಟಾಪ್. ವಿಡಿಯೊ ಕರೆ ಶುರುವಾಗಿ ಹತ್ತು ನಿಮಿಷಕ್ಕೆ ಫ್ಯಾನ್ ಅರಚುತ್ತದೆ, ಕೀಬೋರ್ಡಿನ ಎಡಭಾಗ ಮುಟ್ಟೋಕಾಗಲ್ಲ, ಆಮೇಲೆ ಎಲ್ಲವೂ ಆಮೆಗತಿ. ಎರಡು ಸಲ ತಾನಾಗಿಯೇ ಆಫ್ ಆಗಿದೆ. ಕೂಲಿಂಗ್ ಪ್ಯಾಡ್ ತಗೊಳ್ಳಲಾ, ಹೊಸ ಲ್ಯಾಪ್‌ಟಾಪನ್ನೇ ತಗೊಳ್ಳಲಾ? ಅನುಭವ ಇದ್ದವರು ಹೇಳಿ.

ಉತ್ತರ: ಎರಡೂ ಬೇಡ, ಸ್ವಲ್ಪ ತಡೆಯಿರಿ. ನನ್ನ ಹಳೇ ಲ್ಯಾಪ್‌ಟಾಪಿಗೂ ಇದೇ ಕಾಯಿಲೆ ಬಂದಿತ್ತು. ನಾನೂ ಮೊದಲು ಕೂಲಿಂಗ್ ಪ್ಯಾಡ್ ತಂದೆ. ಅದರ ಫ್ಯಾನ್, ಇದರ ಫ್ಯಾನ್ ಎರಡೂ ಸೇರಿ ಮೇಜು ಹಿಟ್ಟಿನ ಗಿರಣಿ ಆಯಿತು. ಶಾಖ ಇಳಿದಿದ್ದು ಮೂರೇ ಡಿಗ್ರಿ. ಒಳಗೆ ದಾರಿ ಕಟ್ಟಿಕೊಂಡಿರುವಾಗ ಹೊರಗಿಂದ ಎಷ್ಟು ಬೀಸಿದರೆ ಏನು ಬಂತು?

ಮೊದಲು ಒಂದು ಪರೀಕ್ಷೆ ಮಾಡಿ, ಕಾಸಿನ ಖರ್ಚಿಲ್ಲ. ಫ್ಯಾನ್ ಜೋರಾಗಿ ತಿರುಗುವಾಗ ಗಾಳಿ ಹೊರಬರುವ ಕಿಂಡಿಯ ಮುಂದೆ ಅಂಗೈ ಹಿಡಿಯಿರಿ. ಸದ್ದು ಜೋರಾಗಿದ್ದು ಗಾಳಿ ಮಾತ್ರ ಉಸಿರಿನಷ್ಟು ಬರುತ್ತಿದ್ದರೆ ಧೂಳು ಕಟ್ಟಿದೆ. ಗಾಳಿ ಜೋರಾಗಿದೆ, ಆದರೆ ಬೆಚ್ಚಗೂ ಇಲ್ಲ, ಪ್ರೊಸೆಸರ್ ಮಾತ್ರ 95 ಡಿಗ್ರಿ ತೋರಿಸುತ್ತಿದೆ ಎಂದರೆ ಚಿಪ್ಪಿನ ಬಿಸಿ ತಾಮ್ರದ ಕೊಳವೆಗೆ ದಾಟುತ್ತಿಲ್ಲ. ಹೆಚ್ಚಿನ ಸಲ ಅದು ಥರ್ಮಲ್ ಪೇಸ್ಟ್, ಅಂದರೆ ಬಿಸಿ ದಾಟಿಸಲು ಅವೆರಡರ ನಡುವೆ ಹಚ್ಚುವ ಲೇಪ, ಒಣಗಿದ ಲಕ್ಷಣ. ಗಾಳಿ ಜೋರಾಗಿಯೂ ಬಿಸಿಯಾಗಿಯೂ ಬರುತ್ತಿದ್ದರೆ ಫ್ಯಾನ್ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಆಗ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸರನ್ನು ಯಾವ ಪ್ರೋಗ್ರಾಂ ದುಡಿಸುತ್ತಿದೆ ಅಂತ ನೋಡಿ.

ಡಿಗ್ರಿ ನೋಡೋಕೆ ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೊ (HWiNFO) ಅನ್ನೋ ಪ್ರೋಗ್ರಾಂ ಸಾಕು, ಲಿನಕ್ಸ್‌ನಲ್ಲಿ ಸೆನ್ಸರ್ಸ್ (sensors) ಅನ್ನೋ ಆದೇಶ ಇದೆ. ಸುಮ್ನೆ ಇದ್ದಾಗ 40–50, ದುಡಿಯುವಾಗ 70–85 ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 100ರ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ನಿಮ್ಮ ಆಮೆಗತಿಗೆ ಇದೇ ಕಾರಣ ಇರಬೇಕು, ವಯಸ್ಸಲ್ಲ. ಅದಕ್ಕೂ ಶಾಖ ಬಗ್ಗದಿದ್ದರೆ ಲ್ಯಾಪ್‌ಟಾಪ್ ಆಫ್ ಆಗುತ್ತದೆ.

ನನ್ನದರಲ್ಲಿ ಗಾಳಿ ಉಸಿರಿನಷ್ಟಿತ್ತು. ಹೊರಗಿನ ಕಿಂಡಿಯಿಂದ ಗಾಳಿ ಊದಿದೆ, ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಬಿಚ್ಚಿದ ಮೇಲೆ ಗೊತ್ತಾಯಿತು. ಫ್ಯಾನಿಗೂ ಕಿಂಡಿಗೂ ನಡುವೆ ಬಾಚಣಿಗೆ ಹಲ್ಲಿನ ಹಾಗೆ ತೆಳು ತಗಡಿನ ಸಾಲು ಇರುತ್ತದೆ. ಧೂಳು ಕೂರುವುದು ಅದರ ಒಳಮುಖದಲ್ಲಿ, ಫ್ಯಾನ್ ಕಡೆ. ಹೊರಗಿಂದ ನೋಡಿದರೆ ತಗಡು ಫಳಫಳ! ಒಳಗೆ ಬೂದು ಬಣ್ಣದ ಕಂಬಳಿ ಚೂರು. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದೆ, ಬೆರಳುದ್ದದ ಪಟ್ಟಿ ಇಡಿಯಾಗಿ ಎದ್ದು ಬಂತು. ತಗಡಿನ ಹಲ್ಲುಗಳ ಗುರುತು ಕೂಡ ಅದರ ಮೇಲೆ ಸಾಲಾಗಿ ಅಚ್ಚಾಗಿತ್ತು. ಅವತ್ತು ಪೇಸ್ಟ್ ಮುಟ್ಟಲೇ ಇಲ್ಲ, ಆದರೂ 97ರಲ್ಲಿದ್ದದ್ದು 81ಕ್ಕೆ ಬಂತು.

ಬಿಚ್ಚುವಾಗ ಆಫ್ ಮಾಡಿ, ಚಾರ್ಜರ್ ಕಿತ್ತು, ತಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಕಾಗದದ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಸ್ಕ್ರೂ ತೆಗೆದ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿ. ಇದು ಅತಿ ಅನಿಸಬಹುದು. ಆದರೆ ಉದ್ದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ತೂತಿಗೆ ತಿರುಗಿಸಿ ಕೀಬೋರ್ಡ್ ಪಕ್ಕ ಒಂದು ಉಬ್ಬು ಎಬ್ಬಿಸಿದವನು ನಾನು. ಅದು ಇವತ್ತಿಗೂ ಅಂಗೈಗೆ ಚುಚ್ಚುತ್ತದೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಿರಿ, ಬುಗುರಿ ಥರ ತಿರುಗೋಕೆ ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ, ಆದರೆ ಏಳು ವರ್ಷ ಆಗಿದೆಯಲ್ಲ, ಬಿಚ್ಚಿದ್ದೀರಿ ಅಂದ ಮೇಲೆ ಪೇಸ್ಟನ್ನೂ ಬದಲಿಸಿಬಿಡಿ. ನನ್ನದರಲ್ಲಿ ಅದು ಒಣಗಿದ ಸುಣ್ಣದ ಹಾಗೆ ಉದುರುತ್ತಿತ್ತು. ಹೀಟ್‌ಸಿಂಕನ್ನು, ಅಂದರೆ ಚಿಪ್ಪಿನ ಮೇಲೆ ಕೂರುವ ತಾಮ್ರದ ಕೊಳವೆಯ ಭಾಗವನ್ನು, ತಣ್ಣಗಿರುವಾಗ ಕೀಳಬೇಡಿ. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಬೆಚ್ಚಗಿರುವಾಗ ಬಿಚ್ಚಿದರೆ ಸಲೀಸಾಗಿ ಬಿಡುತ್ತದೆ. ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ಕೊರೆದಿರುತ್ತಾರೆ. ಬಿಚ್ಚುವುದು 4ರಿಂದ 1ಕ್ಕೆ, ಬಿಗಿಯುವುದು 1ರಿಂದ 4ಕ್ಕೆ, ಅದೂ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹೊಸದು ಅಕ್ಕಿ ಕಾಳಿನಷ್ಟು ಸಾಕು, ಚಿಪ್ಪಿನ ಮೇಲೆ ತೆಳುವಾಗಿ ಹರಡಿ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನೋದು ಸುಳ್ಳು. ಅಕ್ಕಪಕ್ಕದ ಚಿಪ್‌ಗಳ ಮೇಲೆ ರಬ್ಬರಿನಂಥ ಮೆತ್ತನೆ ಪ್ಯಾಡ್ ಇದ್ದರೆ ಅಲ್ಲಿಗೆ ಪೇಸ್ಟ್ ಹಾಕಬೇಡಿ. ಅಲ್ಲಿ ಸಂದು ದೊಡ್ಡದು, ಪೇಸ್ಟ್ ಅದನ್ನು ತುಂಬುವುದಿಲ್ಲ.

ಮತ್ತೊಬ್ಬರು: ಒಂದು ಎಚ್ಚರಿಕೆ. ಟಚ್‌ಪ್ಯಾಡ್ ಮೇಲೆದ್ದಿದೆಯಾ, ತಳ ಮೇಜಿನ ಮೇಲೆ ಅಲ್ಲಾಡುತ್ತದಾ ನೋಡಿ. ಹಾಗಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಅದನ್ನು ಮನೆಯಲ್ಲಿ ಕೀಳಲು ಹೋಗದೆ ರಿಪೇರಿಯವರ ಹತ್ತಿರ ತೆಗೆಸಿ. ಫ್ಯಾನ್ ವಿಚಾರ ಆಮೇಲೆ.

ಇನ್ನೂ ಒಬ್ಬರು: ಬಿಚ್ಚೋಕೆ ಧೈರ್ಯ ಇಲ್ಲದವರಿಗೆ: ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ನ ಒಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇರುತ್ತದೆ. 100 ಇರುವುದನ್ನು 99 ಮಾಡಿ. ಹಳೇ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೇ ಟರ್ಬೊ, ಅಂದರೆ ಪ್ರೊಸೆಸರ್ ಆಗಾಗ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ, ನಿಲ್ಲುತ್ತದೆ. ವೇಗ ಸ್ವಲ್ಪ ಹೋಗುತ್ತದೆ, ಶಾಖ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲೇ ಕಾಣುವುದಿಲ್ಲ. ಮತ್ತೆ, ಹಾಸಿಗೆ ಮೇಲೆ ಇಟ್ಟು ಬಳಸಬೇಡಿ. ಗಾಳಿ ಎಳೆಯುವ ಕಿಂಡಿ ತಳದಲ್ಲೇ ಇರೋದು ಅಲ್ವಾ?

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಂಗೈ ಹಿಡಿದೆ, ಗಾಳಿ ಇದೆಯೋ ಇಲ್ಲವೋ ಅನ್ನುವಷ್ಟು. ಬಿಚ್ಚಿದೆ, ಕಂಬಳಿ ಸಿಕ್ಕಿತು! ಪೇಸ್ಟೂ ಬದಲಿಸಿದೆ. ಒಂದು ಗಂಟೆ ವಿಡಿಯೊ ಕರೆಯಲ್ಲಿ 76 ದಾಟಲಿಲ್ಲ. ಆದರೆ ಆನ್ ಮಾಡಿದ ತಕ್ಷಣ ಫ್ಯಾನ್ ಗರಗರ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ.

ಮೊದಲು ಉತ್ತರಿಸಿದವರು: ಬೇರಿಂಗ್ ಸವೆದಿರಬೇಕು. ಸದ್ಯಕ್ಕೆ ಓಡಿಸಿ. ಗರಗರ ನಿಲ್ಲದೇ ಹೋದ ದಿನ ಫ್ಯಾನ್ ಬದಲಿಸಿ. ಲ್ಯಾಪ್‌ಟಾಪಿನ ಹೆಸರು ನೋಡಿ ತರಿಸಬೇಡಿ, ಒಂದೇ ಹೆಸರಿನಲ್ಲಿ ಎರಡು ಮೂರು ಬಗೆಯ ಫ್ಯಾನ್ ಇರಬಹುದು. ಫ್ಯಾನಿನ ಮೇಲಿನ ಚೀಟಿಯಲ್ಲಿರುವ ಪಾರ್ಟ್ ನಂಬರ್ ಬರೆದುಕೊಳ್ಳಿ, ತಂತಿ ಮೂರೋ ನಾಲ್ಕೋ ಎಣಿಸಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ.