ಜೇಕು ತುಂಬಿದ ಹುಲ್ಲುಹಾಸು: ಹೊಸ ಹುಲ್ಲು ಹಾಕಿಸಿದವರು ಯಾರಾದರೂ ಇದ್ದೀರಾ?

ಕೇಳುತ್ತಿರುವುದು ಮೈಸೂರಿನಿಂದ. ಮನೆ ಮುಂದೆ 20x30 ಅಡಿ ಹುಲ್ಲುಹಾಸು ಇದೆ. ಅಪ್ಪ ಇದ್ದಾಗ ಚೆನ್ನಾಗಿತ್ತು. ಈಗ ಅರ್ಧ ಜೇಕು, ಮಿಕ್ಕಿದ್ದು ಹುಳಿಸೊಪ್ಪು, ಮುಟ್ಟಿದರೆ ಮುನಿ. ಕಳೆ ಕೆತ್ತಿ, ಮೇಲೆ ಒಂದು ಲೋಡ್ ಕೆಮ್ಮಣ್ಣು ಹರಡಿ, ಮೆಕ್ಸಿಕನ್ ಹುಲ್ಲಿನ ಶೀಟ್ ಹಾಸಿಕೊಡುತ್ತೇವೆ, ಎರಡೇ ದಿನದ ಕೆಲಸ ಅಂತ ನರ್ಸರಿಯವರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲಾ? ಒಂದು ಮೂಲೆಗೆ ಮಾವಿನ ಮರದ ನೆರಳಿದೆ.

ಬೆಂಗಳೂರಿನಿಂದ

ಸರ್, ಆ ಎರಡು ದಿನದ ಕೆಲಸಕ್ಕೆ ಮಾತ್ರ ಒಪ್ಪಬೇಡಿ. ನಾನು ಒಪ್ಪಿ ಕೆಟ್ಟೆ. ನಮ್ಮದು ನಿಮ್ಮದರ ಅರ್ಧ, 300 ಚದರ ಅಡಿ. ಶೀಟ್ ಹಾಸಿದ ದಿನ ಬೀದಿಯವರೆಲ್ಲ ಗೇಟಿನ ಹತ್ತಿರ ನಿಂತು ನೋಡಿ ಹೋದರು. ಆರನೇ ವಾರಕ್ಕೆ ಹೊಸ ಹುಲ್ಲಿನ ನಡುವೆ ಜೇಕು ಸೂಜಿ ಸೂಜಿಯಾಗಿ ಎದ್ದಿತ್ತು. ಹಾಸಿಕೊಟ್ಟವರಿಗೆ ಫೋನ್ ಮಾಡಿದರೆ, "ಕೀಳ್ತಾ ಇರಿ ಮೇಡಂ, ಹೋಗುತ್ತೆ" ಅಂದರು.

ಕಿತ್ತರೆ ಹೋಗುವ ಜಾತಿ ಅಲ್ಲ ಅದು. ಜೇಕಿನ ಗೆಡ್ಡೆಗಳು ಮಣ್ಣಿನೊಳಗೆ ಸರದ ಮಣಿಗಳ ಹಾಗೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಎಲೆ ಹಿಡಿದು ಎಳೆದರೆ ದಾರ ತುಂಡಾಗುತ್ತದೆ. ಸುಮ್ಮನೆ ಮಲಗಿದ್ದ ಕೆಳಗಿನ ಮಣಿಗಳು ಎದ್ದು ಒಂದೊಂದೂ ಗಿಡವಾಗುತ್ತವೆ. ಗ್ರಂಧಿಗೆ ಅಂಗಡಿಯಲ್ಲಿ ಕೊನ್ನಾರಿ ಗೆಡ್ಡೆ ಅಂತ ದುಡ್ಡು ಕೊಟ್ಟು ತರುತ್ತೇವಲ್ಲ, ಅದೇ ಇದು! ಗುರುತು ಹಿಡಿಯುವುದು ಸುಲಭ. ಹೂವಿನ ದಂಟನ್ನು ಬೆರಳಲ್ಲಿ ಉರುಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಹುಲ್ಲಿನ ದಂಟು ಹಾಗಿರುವುದಿಲ್ಲ.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಎಲ್ಲ ಕಿತ್ತು ಹೊಸದಾಗಿ ಶುರು ಮಾಡಿದೆವು. ಪಿಕಾಸಿಯಲ್ಲಿ ಮುಕ್ಕಾಲು ಅಡಿ ಅಗೆಸಿ, ಮನೆ ಕಟ್ಟುವಾಗ ಮರಳು ಜರಡಿ ಹಿಡಿಯುತ್ತಾರಲ್ಲ, ಹಾಗೆ ಆ ಮಣ್ಣನ್ನೆಲ್ಲ ಜರಡಿ ಹಿಡಿಸಿದೆ. ಇಬ್ಬರು ಆಳು, ನಾಲ್ಕು ದಿನ. ಹುಚ್ಚು ಅಂತ ಮನೆಯವರು ನಕ್ಕರು. ಗೆಡ್ಡೆ ಎರಡು ಬಾಂಡ್ಲಿ ತುಂಬಿದ ಮೇಲೆ ನಗು ನಿಂತಿತು. ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಸುಟ್ಟುಬಿಡುವುದೂ ಕಷ್ಟ. ಸಿಮೆಂಟಿನ ಮೇಲೆ ಹರಡಿ ಬಿಸಿಲಲ್ಲಿ ಗರಿಗರಿ ಒಣಗಿಸಿ.

ಆಮೇಲೆ ಖಾಲಿ ನೆಲಕ್ಕೆ ಹುಲ್ಲು ಇದ್ದ ಹಾಗೇ ದಿನಾ ನೀರು ಹಾಕಿದೆ. ಬೇಕೆಂದೇ ಕಳೆ ಬೆಳೆಸಿದ್ದು. ಮೂರು ವಾರದಲ್ಲಿ ಉಳಿದ ಗೆಡ್ಡೆ, ಬೀಜ ಎಲ್ಲ ಮೊಳೆತವು. ಕೆತ್ತಿದೆ, ಮತ್ತೆ ನೀರು ಹಾಕಿದೆ, ಮತ್ತೆ ಕೆತ್ತಿದೆ. ಜೇಕಿಗೆ ನಾಲ್ಕೈದು ಎಲೆ ಬರುವಷ್ಟರಲ್ಲಿ ಗೆಡ್ಡೆ ಸಮೇತ ತೆಗೆಯಬೇಕು, ತಡ ಮಾಡಿದರೆ ಅದು ಹೊಸ ಗೆಡ್ಡೆ ಕಟ್ಟಿಬಿಡುತ್ತದೆ. ಜೂನ್ ಕೊನೆಗೆ ನಾಟಿ.

ಇನ್ನು ಲೋಡ್ ಮಣ್ಣು. ಅದು ಎಲ್ಲಿಂದ ಬಂದಿದ್ದು ಅಂತ ಕೇಳಿ. ಕೆರೆ ಹೂಳು, ಗದ್ದೆ ಬದಿಯ ಮಣ್ಣು ಆದರೆ ಜೇಕು ಟ್ರ್ಯಾಕ್ಟರಿನಲ್ಲೇ ಬರುತ್ತದೆ. ಹಸಿ ಕೊಟ್ಟಿಗೆ ಗೊಬ್ಬರವೂ ಬೇಡ, ಅದರಲ್ಲಿ ಕಳೆ ಬೀಜ ಜಾಸ್ತಿ. ನಾನು ನಮ್ಮ ಮಣ್ಣಿಗೇ ಎರೆಗೊಬ್ಬರ ಬೆರೆಸಿದೆ, ಅಷ್ಟೇ.

ಶೀಟ್ ಲೆಕ್ಕ ಹೇಳುತ್ತೇನೆ. 1x2 ಅಡಿಯ ಶೀಟ್ ಆದರೆ ನಿಮ್ಮ 600 ಚದರ ಅಡಿಗೆ 300 ಬೇಕು. ಅದೇ ಶೀಟನ್ನು ಬೇರು ಸಮೇತ ಚಿಕ್ಕ ಚಿಕ್ಕ ತುಂಡು ಮಾಡಿ ನಾಲ್ಕು ಇಂಚಿಗೊಂದು ನೆಟ್ಟರೆ 60 ಸಾಕು. ತುಂಬಿಕೊಳ್ಳಲು ಮಳೆಗಾಲದಲ್ಲೂ ಎರಡು ಮೂರು ತಿಂಗಳು ಬೇಕು. ಆದರೆ ನಡುವೆ ಖಾಲಿ ಜಾಗ ಇರುವುದರಿಂದ ಜೇಕು ತಲೆ ಎತ್ತಿದ್ದು ತಕ್ಷಣ ಕಾಣುತ್ತದೆ. ಶೀಟಿನ ಕೆಳಗಾದರೆ ಕಾಣುವುದಿಲ್ಲ.

ಧಾರವಾಡದಿಂದ

ಮೇಡಂ ಹೇಳಿದ್ದು ಖರೆ. ನನ್ನದು ಒಂದು ತಕರಾರು: ಮೆಕ್ಸಿಕನ್ನೇ ಯಾಕೆ ಬೇಕು? ಅದು ಜೊಯ್ಸಿಯಾ ಜಾತಿ, ನೋಡಲು ಚೆಂದ, ಬೆಳೆಯುವುದು ನಿಧಾನ. ನಾವು ನಮ್ಮ ಗರಿಕೆಯನ್ನೇ ನೆಟ್ಟೆವು. ದೊಡ್ಡ ದೊಡ್ಡ ಮೈದಾನಗಳಿಗೆ ಬರ್ಮುಡಾ ಅಂತ ಹಾಕುವುದೂ ಗರಿಕೆಯ ಬಳಗವೇ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟರೂ ಅದು ಸಾಯಲಿಲ್ಲ. ಮಕ್ಕಳು ಕ್ರಿಕೆಟ್ ಆಡಿದ ಜಾಗ ಹದಿನೈದು ದಿನಕ್ಕೆ ತಾನೇ ಮುಚ್ಚಿಕೊಂಡಿತು. ಮೇಲಾಗಿ ಗಣೇಶ ಚೌತಿಗೆ ಓಣಿಗೆಲ್ಲ ನಮ್ಮ ಮನೆಯದೇ ಗರಿಕೆ! ಕೊರತೆ ಅಂದರೆ ನೆರಳು ತಡೆಯುವುದಿಲ್ಲ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಲೇಬೇಕು, ಹೂವಿನ ಪಾತಿಗೂ ನುಗ್ಗುತ್ತದೆ.

ಮಂಗಳೂರಿನಿಂದ

ನೆರಳಿನ ಮೂಲೆಗೆ ಬಫೆಲೊ ಹುಲ್ಲು ನೋಡಿ. ಎಲೆ ಅಗಲ, ಒರಟು, ಬರಿಗಾಲಿಗೆ ಅಷ್ಟು ಹಿತ ಅಲ್ಲ. ಅರೆ ನೆರಳಲ್ಲಿ ಬದುಕುತ್ತದೆ. ಮಾವಿನ ಮರದ ಬುಡದಲ್ಲಂತೂ ಯಾವ ಹುಲ್ಲೂ ನಿಲ್ಲುವುದಿಲ್ಲ, ನಾನು ಮೂರು ಸಲ ಸೋತು ಕಲ್ಲು ಹಾಸಿ ಬೆಂಚು ಹಾಕಿದೆ. ಈಗ ಮನೆಯಲ್ಲಿ ಎಲ್ಲರೂ ಕೂರುವುದು ಅಲ್ಲೇ.

ಮಂಡ್ಯದಿಂದ

ಔಷಧಿ ಬಗ್ಗೆ ಯಾರೂ ಹೇಳಲಿಲ್ಲ. ಗ್ಲೈಫೋಸೇಟ್ ಹೊಡೆಸಿ ಅಂತ ಯಾರಾದರೂ ಹೇಳುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ಪೆಸ್ಟ್ ಕಂಟ್ರೋಲ್‌ನವರು ಬಿಟ್ಟು ಬೇರೆ ಯಾರೂ ಹೊಡೆಯಬಾರದು ಅಂತ ಆದೇಶ ಮಾಡಿತು. ನೀವೇ ತಂದು ಹೊಡೆಯುವ ಯೋಚನೆ ಬಿಡಿ. ನಮ್ಮ ಕಬ್ಬಿನ ಗದ್ದೆಯಲ್ಲಿ ಜೇಕಿಗೆ ಬಳಸುವುದು ಹ್ಯಾಲೋಸಲ್ಫ್ಯೂರಾನ್ ಮೀಥೈಲ್. ಎಕರೆಗೆ 36 ಗ್ರಾಂ. ನಿಮ್ಮ ಜಾಗಕ್ಕೆ ಲೆಕ್ಕ ಹಾಕಿದರೆ ಅರ್ಧ ಗ್ರಾಂ! ಅಡುಗೆಮನೆ ತಕ್ಕಡಿಯಲ್ಲಿ ತೂಗುವುದಕ್ಕೂ ಆಗದು. ಅಂದಾಜಿಗೆ ಒಂದು ಚಮಚ ಸುರಿದರೆ ಎಷ್ಟು ಪಟ್ಟು ಆಗುತ್ತದೆ ನೋಡಿ. ಇಷ್ಟು ಚಿಕ್ಕ ಜಾಗಕ್ಕೆ ಜರಡಿಯೇ ಸರಿ ಅನಿಸುತ್ತದೆ ನನಗೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಕಪ್ಪು ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಸಾಯಿಸಬಹುದಾ? ಅಗೆಯುವ ಖರ್ಚು ಉಳಿಯುತ್ತದೆ ಅಂತ ಆಸೆ. ಆಮೇಲೆ, ಬೇಸಿಗೆಯಲ್ಲಿ ನೀರು ಎಷ್ಟು ಬೇಕಾಗುತ್ತದೆ?

ಬೆಂಗಳೂರಿನಿಂದ

ಕಪ್ಪು ಪ್ಲಾಸ್ಟಿಕನ್ನು ಜೇಕು ಚುಚ್ಚಿಕೊಂಡು ಮೇಲೆ ಬರುತ್ತದೆ ಸರ್, ಕಣ್ಣಾರೆ ನೋಡಿದ್ದೇನೆ. ನೆಲ ನೆನೆಸಿ, ಪಾರದರ್ಶಕ ಹಾಳೆ ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ ಐದಾರು ವಾರ ಬಿಟ್ಟರೆ ಹುಳಿಸೊಪ್ಪಿನಂಥವುಗಳ ಬೀಜ ಬಹಳಷ್ಟು ಸಾಯುತ್ತದೆ. ಆಳದ ಗೆಡ್ಡೆಗೆ ಬಿಸಿ ತಲುಪುವುದಿಲ್ಲ. ಅಗೆಯುವುದು ತಪ್ಪುವುದಿಲ್ಲ.

ನೀರಿನ ವಿಷಯ: 2024ರ ಮಾರ್ಚ್‌ನಲ್ಲಿ ಇಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಹೇಳಿತಲ್ಲ, ಆಗ ನಾನು ಪೈಪ್ ಸುತ್ತಿಟ್ಟೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅಷ್ಟೇ, ಅದೂ ಸರದಿ ಪ್ರಕಾರ ಒಂದೊಂದು ಮೂಲೆಗೆ. ಹುಲ್ಲು ಪೂರ್ತಿ ಕಂದಾಯಿತು, ಸತ್ತಿತು ಅಂದುಕೊಂಡೆ. ಮೇ ತಿಂಗಳ ಮಳೆ ಎರಡು ಬಿದ್ದದ್ದೇ ತಡ, ಬುಡದಿಂದ ಹಸಿರು ಬಂತು. ಜೇಕೂ ಬಂತು, ಹನ್ನೊಂದು ಗಿಡ. ಎಣಿಸಿ ತೆಗೆದೆ.